ಹಾಟ್ ಅನ್ನಬೇಕಾ, ಕ್ಯೂಟ್ ಅನ್ನಬೇಕಾ? ಚೆಂದ ಇರುವವರಿಗೆ ಇಂಗ್ಲಿಷ್‌ನಲ್ಲಿ ಯಾವ ಪದ

ಯಾರೋ ಒಬ್ಬರು ಕಣ್ಣಿಗೆ ಚೆಂದ ಕಾಣಿಸಿದರು ಅಂದುಕೊಳ್ಳಿ. ಕನ್ನಡದಲ್ಲಾದರೆ ನಾವು ತಡವರಿಸುವುದಿಲ್ಲ. ಮಗುವಾದರೆ ಮುದ್ದಾಗಿದೆ, ಹುಡುಗಿಯಾದರೆ ಲಕ್ಷಣವಾಗಿದ್ದಾಳೆ, ಹುಡುಗನಾದರೆ ನೋಡೋಕೆ ಚೆನ್ನಾಗಿದ್ದಾನೆ. ಅಜ್ಜಿಯ ಮುಂದೆ ಆಡುವ ಮಾತು ಯಾವುದು, ಗೆಳೆಯರ ಮುಂದೆ ಆಡುವ ಮಾತು ಯಾವುದು ಅಂತ ಯಾರೂ ಕೂರಿಸಿ ಹೇಳಿಕೊಟ್ಟಿಲ್ಲ. ಕೇಳಿ ಕೇಳಿ ಕಿವಿಗೇ ಗೊತ್ತಾಗಿದೆ.

ಇಂಗ್ಲಿಷ್‌ನಲ್ಲಿ ಆ ಕಿವಿ ನಮಗಿಲ್ಲ. ಪದಗಳು ಮಾತ್ರ ಬೇಕಾದಷ್ಟಿವೆ. ಹಾಟ್, ಕ್ಯೂಟ್, ಪ್ರೆಟಿ, ಗಾರ್ಜಿಯಸ್, ಸ್ಟನಿಂಗ್, ಹ್ಯಾಂಡ್ಸಮ್. ಎಲ್ಲದಕ್ಕೂ ಅರ್ಥ 'ಚೆಂದ' ಅಂತಲೇ ಕಲಿತಿರುತ್ತೇವೆ. ತೂಕದಲ್ಲಿ ಮಾತ್ರ ಹೆಚ್ಚು ಕಡಿಮೆ ಅಂದುಕೊಳ್ಳುತ್ತೇವೆ. ಕ್ಯೂಟ್ ಅಂದರೆ ಸ್ವಲ್ಪ ಚೆಂದ, ಬ್ಯೂಟಿಫುಲ್ ಅಂದರೆ ಜಾಸ್ತಿ ಚೆಂದ, ಹಾಟ್ ಅಂದರೆ ಇನ್ನೂ ಜಾಸ್ತಿ.

ನನ್ನ ಪರಿಚಯದ ಒಬ್ಬ ಹುಡುಗ ಹೀಗೇ ಅಂದುಕೊಂಡಿದ್ದ. ತನ್ನ ಆಫೀಸಿನ ಹಿರಿಯ ಸಹೋದ್ಯೋಗಿ ಮನೆಯವರ ಜೊತೆ ತೆಗೆಸಿಕೊಂಡಿದ್ದ ಫೋಟೋ ನೋಡಿ, ಕೆಳಗೆ 'ಸೋ ಹಾಟ್' ಅಂತ ಬರೆದ. ಅವರು ಎಷ್ಟೋ ದಿನ ಅವನ ಜೊತೆ ಮಾತು ಬಿಟ್ಟರು. 'ಚೆನ್ನಾಗಿದ್ದೀರಿ ಅಂದಿದ್ದು ತಪ್ಪಾ?' ಅಂತ ನನ್ನ ಹತ್ತಿರ ಬಂದು ಕೇಳಿದ. ಪಾಪ, ಮನಸ್ಸಿನಲ್ಲಿ ಕೆಟ್ಟದ್ದು ಇರಲಿಲ್ಲ. ಆದರೆ ಅವನು ಬರೆದ ಪದಕ್ಕೆ ಆ ಅರ್ಥ ಇರಲಿಲ್ಲ. ಅವರನ್ನು ನೋಡಿದಾಗ ತನಗೆ ಏನನ್ನಿಸಿತು ಅನ್ನುವುದನ್ನು ಅದು ಎಲ್ಲರ ಎದುರು ಹೇಳಿಬಿಟ್ಟಿತ್ತು.

ಈ ಪದಗಳನ್ನು ಚೆಂದದ ಅಳತೆಗೋಲು ಅಂತ ನೋಡಿದರೆ ದಾರಿ ತಪ್ಪುತ್ತದೆ. ಹೇಳುವವರಿಗೂ ಹೇಳಿಸಿಕೊಳ್ಳುವವರಿಗೂ ನಡುವೆ ಎಷ್ಟು ದೂರ ಇದೆ ಅಂತ ಅವು ಹೇಳುತ್ತವೆ. ನಾನು ಪದ ಆರಿಸುವುದು ಆ ದೂರವನ್ನು ನೋಡಿಕೊಂಡು.

ಹಾಟ್ ಮತ್ತು ಕ್ಯೂಟ್

ಹೆಚ್ಚು ಎಡವುವುದು ಈ ಎರಡರಲ್ಲಿ. ಅದಕ್ಕೇ ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಹಾಟ್ ಅನ್ನುವುದು ಲೈಂಗಿಕ ಆಕರ್ಷಣೆಯ ಪದ. ನೋಡಿದರೆ ಮೈ ಬಿಸಿಯಾಗುತ್ತದೆ, ಆಸೆ ಹುಟ್ಟುತ್ತದೆ ಅನ್ನುವ ಮಾತು. ಕಾಮದ ಬಿಸಿಗೆ ಹಾಟ್ ಅನ್ನುವುದು ಇಂಗ್ಲಿಷ್‌ನಲ್ಲಿ ಶತಮಾನಗಳಿಂದ ಇದೆ. ಇವತ್ತು ಅದು ಎಷ್ಟೇ ಹಗುರವಾಗಿ ಕೇಳಿಸಿದರೂ ಆ ಬಿಸಿ ಪೂರ್ತಿ ಆರಿಲ್ಲ. ಕನ್ನಡದಲ್ಲಿ ಇದಕ್ಕೆ ಸರಿಯಾದ ಜೋಡಿ ಪದ ಇಲ್ಲ. ಇದ್ದಿದ್ದರೆ ಅದನ್ನು ಮನೆಯವರ ಮುಂದೆ ಆಡುತ್ತಿರಲಿಲ್ಲ ಅಲ್ವಾ? ಹಾಟ್ ಪದವನ್ನು ಎಲ್ಲಿ ಬಳಸಬೇಕು ಅನ್ನುವುದಕ್ಕೆ ಇದೇ ಒಳ್ಳೆಯ ಪರೀಕ್ಷೆ.

ಗೆಳೆಯರು ಗೆಳತಿಯರು ಸೇರಿ ಸಿನಿಮಾ ನಟನ ಬಗ್ಗೆ ಮಾತಾಡುವಾಗ 'ಹೀ ಇಸ್ ಸೋ ಹಾಟ್' ಅಂದರೆ ಯಾರಿಗೂ ಏನೂ ಅನ್ನಿಸುವುದಿಲ್ಲ. ಗಂಡ ಹೆಂಡತಿ, ಪ್ರೀತಿಸುವ ಇಬ್ಬರು ಒಬ್ಬರಿಗೊಬ್ಬರು ಹೇಳಿಕೊಂಡರೆ ಅದು ತುಂಬ ಸೊಗಸಾದ ಮಾತು. ಬಟ್ಟೆ ಹಾಕಿಕೊಂಡು ಹೊರಟ ಹೆಂಡತಿಗೆ 'ಯು ಲುಕ್ ಹಾಟ್' ಅಂದರೆ, ಇಷ್ಟು ವರ್ಷ ಆದ ಮೇಲೂ ನಿನ್ನನ್ನು ನೋಡಿದರೆ ನನಗೆ ಹಾಗೆ ಅನ್ನಿಸುತ್ತದೆ ಅಂತ ಅರ್ಥ. ಅಲ್ಲಿ ಬ್ಯೂಟಿಫುಲ್ ಅನ್ನುವುದಕ್ಕಿಂತ ಇದೇ ಹೆಚ್ಚು ತಟ್ಟುತ್ತದೆ. ಆದರೆ ಸಹೋದ್ಯೋಗಿಗೆ, ಟೀಚರಿಗೆ, ಗೆಳೆಯನ ಅಕ್ಕನಿಗೆ, ಈಗ ತಾನೇ ಪರಿಚಯ ಆದವರಿಗೆ ಬೇಡ. ಮಕ್ಕಳಿಗೆ, ಹದಿಹರೆಯದವರಿಗೆ ಎಂದೆಂದಿಗೂ ಬೇಡ.

ಇನ್ನೊಂದು ಸಣ್ಣ ವಿಷಯ. ಸೆಕೆ ಆದಾಗ 'ಐ ಆಮ್ ಹಾಟ್' ಅಂದರೆ ತಪ್ಪಲ್ಲ, ಇಂಗ್ಲಿಷ್ ಮನೆಮಾತಿನವರೂ ಹಾಗೇ ಅನ್ನುತ್ತಾರೆ. ಸಂದರ್ಭ ಗೊತ್ತಿದ್ದವರಿಗೆ ಅರ್ಥವಾಗುತ್ತದೆ. ಆದರೂ ಅನುಮಾನ ಬೇಡ ಅನ್ನಿಸಿದರೆ 'ಇಟ್ಸ್ ಹಾಟ್ ಇನ್ ಹಿಯರ್' ಅನ್ನಿ. ಆಗ ಬಿಸಿ ಕೋಣೆಯದ್ದಾಗುತ್ತದೆ.

ಹಾಟ್ ಪದದ ಪಕ್ಕದಲ್ಲೇ ಸೆಕ್ಸಿ ಇದೆ. ಎರಡಕ್ಕೂ ವ್ಯತ್ಯಾಸ ಏನು ಅಂತ ತುಂಬ ಜನ ಕೇಳುತ್ತಾರೆ. ಹಾಟ್ ಒಂದೇ ನೋಟಕ್ಕೆ ಕಣ್ಣಿಗೆ ಬೀಳುವಂಥದ್ದು. ಸೆಕ್ಸಿ ಅನ್ನುವುದರಲ್ಲಿ ದನಿ, ನಡಿಗೆ, ನೋಟ, ಆತ್ಮವಿಶ್ವಾಸ ಎಲ್ಲ ಸೇರಿಕೊಳ್ಳುತ್ತವೆ. ದನಿಯನ್ನು ಸೆಕ್ಸಿ ಅನ್ನುತ್ತಾರೆ, ಹಾಟ್ ಅನ್ನುವುದು ಕಡಿಮೆ. ಮುಖ ಅಷ್ಟೇನೂ ಚೆಂದ ಇಲ್ಲದವರೂ ಸೆಕ್ಸಿ ಆಗಬಹುದು. ಕಾರು, ಫೋನಿನ ವಿನ್ಯಾಸಕ್ಕೂ ಈಗ ಸೆಕ್ಸಿ ಅನ್ನುತ್ತಾರೆ. ಹಾಗಂತ ಮನುಷ್ಯರ ವಿಷಯದಲ್ಲಿ ಆ ಪದ ಸಪ್ಪೆ ಆಗಿದೆ ಅಂದುಕೊಳ್ಳಬೇಡಿ. ಹಾಟ್ ಎಲ್ಲೆಲ್ಲಿ ಬೇಡವೋ ಸೆಕ್ಸಿಯೂ ಅಲ್ಲಿ ಬೇಡ.

ಈಗ ಕ್ಯೂಟ್. ಇದರ ಹುಟ್ಟು ನನಗೆ ತುಂಬ ಇಷ್ಟ. ಅಕ್ಯೂಟ್ ಅನ್ನುವ ಪದದ ತಲೆ ಕತ್ತರಿಸಿ ಮಾಡಿದ ಪದ ಇದು. ಅಕ್ಯೂಟ್ ಅಂದರೆ ಚೂಪು, ಚುರುಕು. 18ನೇ ಶತಮಾನದಲ್ಲಿ ಕ್ಯೂಟ್ ಅಂದರೆ ಜಾಣ, ಚಾಲಾಕಿ ಅಂತ ಅರ್ಥ. 1830ರ ದಶಕದ ಹೊತ್ತಿಗೆ ಅಮೆರಿಕದಲ್ಲಿ ಅದು ಮುದ್ದು, ಚೆಂದ ಅನ್ನುವ ಕಡೆಗೆ ಹೊರಳಿತು. ಹಳೆಯ ಅರ್ಥ ಪೂರ್ತಿ ಸತ್ತಿಲ್ಲ. ಐರ್ಲೆಂಡ್‌ನಲ್ಲಿ ಇವತ್ತಿಗೂ ಒಬ್ಬನನ್ನು ಕ್ಯೂಟ್ ಅಂದರೆ ಅವನು ಪಾಕಡಾ ಆಸಾಮಿ ಅಂತ ಅರ್ಥ ಬರಬಹುದು. ಅಮೆರಿಕದವರು ಸಿಟ್ಟಿನಲ್ಲಿ 'ಡೋಂಟ್ ಗೆಟ್ ಕ್ಯೂಟ್ ವಿತ್ ಮಿ' ಅಂದರೆ, ನನ್ನ ಹತ್ತಿರ ನಿನ್ನ ಜಾಣತನ ತೋರಿಸಬೇಡ ಅಂತ.

ಮಗು, ನಾಯಿಮರಿ, ಪುಟ್ಟ ಟೋಪಿ ಇವಕ್ಕೆಲ್ಲ ಕ್ಯೂಟ್ ಅನ್ನುವುದು ನಮಗೆ ಗೊತ್ತು. ನಮ್ಮ 'ಮುದ್ದು' ಮಾಡುವ ಕೆಲಸವನ್ನೇ ಅದು ಮಾಡುತ್ತದೆ. ಆದರೆ ದೊಡ್ಡವರಿಗೆ ಬಂದಾಗ ದಾರಿ ಎರಡಾಗುತ್ತದೆ. ಅಮೆರಿಕದ ಹುಡುಗಿಯೊಬ್ಬಳು ಒಬ್ಬ ಹುಡುಗನನ್ನು ತೋರಿಸಿ 'ಹೀ ಇಸ್ ಕ್ಯೂಟ್' ಅಂದರೆ, ಅವನು ಮಗುವಿನ ಹಾಗಿದ್ದಾನೆ ಅಂತ ಅಲ್ಲ. ನನಗೆ ಇಷ್ಟ ಆಗಿದ್ದಾನೆ, ಮಾತಾಡಿಸಬೇಕು ಅನ್ನಿಸುತ್ತಿದೆ ಅಂತ. ಹಾಟ್ ಪದದಲ್ಲಿರುವ ಮೈಯ ಮಾತು ಇಲ್ಲಿ ಹಿಂದೆ ಸರಿದಿದೆ. ನಗು, ಸಂಕೋಚ, ಕೂದಲು ಸರಿಮಾಡಿಕೊಳ್ಳುವ ರೀತಿ, ಇಂಥ ಚಿಕ್ಕ ಚಿಕ್ಕ ವಿಷಯಗಳು ಮುಂದೆ ಬಂದಿವೆ.

ಹಾಗಾದರೆ ಯಾವುದು ಬೇಕು? ಒಬ್ಬರು ಇಷ್ಟ ಆಗಿದ್ದಾರೆ, ಅದನ್ನು ಹೇಳಬೇಕು, ಆದರೆ ದುಡುಕಿದ ಹಾಗೆ ಕಾಣಬಾರದು ಅನ್ನುವಾಗ ಕ್ಯೂಟ್ ಸರಿ. ಗೆಳತಿಯ ಹೊಸ ಹುಡುಗನ ಫೋಟೋ ನೋಡಿ ಒಳ್ಳೆಯ ಮಾತು ಹೇಳಬೇಕು ಅಂದರೆ ಕ್ಯೂಟ್ ಅನ್ನಿ. ಅಲ್ಲಿ ಹಾಟ್ ಅಂದರೆ ಆಕೆಗೆ ಒಂದು ಕ್ಷಣ ಕಸಿವಿಸಿ ಆಗಬಹುದು. ಒಂದು ಎಚ್ಚರಿಕೆ: 70 ದಾಟಿದ ಗಂಡ ಹೆಂಡತಿ ಕೈ ಹಿಡಿದು ನಡೆಯುವುದನ್ನು ನೋಡಿ 'ಸೋ ಕ್ಯೂಟ್' ಅನ್ನುವುದು ಈಗ ತುಂಬ ಕೇಳಿಸುತ್ತದೆ. ನನಗೆ ಅದು ಸರಿ ಕಾಣುವುದಿಲ್ಲ. ಒಂದು ಬಾಳನ್ನೇ ಬಾಳಿದವರನ್ನು ಗೊಂಬೆ ಮಾಡಿದ ಹಾಗಾಗುತ್ತದೆ. 'ಲವ್ಲಿ' ಅನ್ನಬಹುದಲ್ಲ? ಅಡೋರಬಲ್ ಕ್ಯೂಟ್‌ಗಿಂತಲೂ ಹೆಚ್ಚು ಮಗುತನದ ಪದ. ಅದು ಮಕ್ಕಳಿಗೇ ಇರಲಿ.

ಪ್ರೆಟಿ, ಬ್ಯೂಟಿಫುಲ್, ಗಾರ್ಜಿಯಸ್, ಸ್ಟನಿಂಗ್

ಇಲ್ಲಿ ತೂಕದ ಲೆಕ್ಕ ಸ್ವಲ್ಪ ಮಟ್ಟಿಗೆ ನಡೆಯುತ್ತದೆ. ಪ್ರೆಟಿ ಹಗುರ, ಬ್ಯೂಟಿಫುಲ್ ಅದಕ್ಕಿಂತ ಆಳ, ಗಾರ್ಜಿಯಸ್ ಮತ್ತು ಸ್ಟನಿಂಗ್ ತುದಿಯವು. ಆದರೂ ಬರೀ ತೂಕವೇ ಅಲ್ಲ.

ಪ್ರೆಟಿ ಅನ್ನುವುದು ಮುಖದ ಮೇಲ್ಮೈಯ ಚೆಂದ. ನವಿರು, ನಾಜೂಕು, ಎಳೆತನ. ಹಳೆಯ ಇಂಗ್ಲಿಷ್‌ನಲ್ಲಿ ಈ ಪದಕ್ಕೆ ಕುಯುಕ್ತಿಯ, ತಂತ್ರಗಾರಿಕೆಯ ಅಂತ ಅರ್ಥ ಇತ್ತು. ನೋಡಲು ಚೆಂದ ಅನ್ನುವ ಅರ್ಥ ಬಂದದ್ದು 15ನೇ ಶತಮಾನದಲ್ಲಿ. ಕ್ಯೂಟ್ ಹಾಗೆ ಇದೂ ಜಾಣತನದಿಂದ ಹೊರಟು ಚೆಂದಕ್ಕೆ ಬಂದು ನಿಂತಿದೆ. ಪ್ರೆಟಿ ಬಳಸುವಾಗ ಒಂದು ತೊಡಕಿದೆ. ಇನ್ನೊಂದು ಗುಣಪದದ ಮುಂದೆ ಬಂದರೆ ಅದರ ಅರ್ಥ 'ತಕ್ಕಮಟ್ಟಿಗೆ' ಅಂತ ಬದಲಾಗುತ್ತದೆ. 'ಶೀ ಇಸ್ ಪ್ರೆಟಿ' ಅಂದರೆ ಅವಳು ಚೆಂದ. 'ಶೀ ಇಸ್ ಪ್ರೆಟಿ ಸ್ಮಾರ್ಟ್' ಅಂದರೆ ಅವಳು ಸಾಕಷ್ಟು ಬುದ್ಧಿವಂತೆ, ಚೆಂದದ ಮಾತೇ ಅಲ್ಲಿಲ್ಲ. ಎರಡೂ ಹೇಳಬೇಕು ಅಂದರೆ ನಡುವೆ ಆ್ಯಂಡ್ ಹಾಕಲೇಬೇಕು.

ಬ್ಯೂಟಿಫುಲ್ ಆಡುಮಾತಿನ ಪದ ಅಲ್ಲ. ಎಲ್ಲ ಕಡೆಯೂ ಸಲ್ಲುವ ಪದ. ಆದರೆ ಮುಖಾಮುಖಿ ಹೇಳಿದರೆ ಅದರಲ್ಲಿ ಭಾರ ಇರುತ್ತದೆ. 'ಯು ಆರ್ ಬ್ಯೂಟಿಫುಲ್' ಅಂದರೆ ರೂಪದ ಜೊತೆಗೆ ಆ ವ್ಯಕ್ತಿಯೂ ಸೇರಿಕೊಂಡ ಹಾಗೆ. ಮೊದಲ ಭೇಟಿಯಲ್ಲಿ ಅಷ್ಟು ಭಾರ ಹೊರಿಸಿದರೆ ಎದುರಿನವರಿಗೆ ಏನು ಹೇಳಬೇಕು ಅಂತ ತೋಚದೆ ಹೋಗಬಹುದು.

ಗಾರ್ಜಿಯಸ್ ಹಳೆಯ ಫ್ರೆಂಚ್‌ನಿಂದ ಬಂದ ಪದ. ಮೊದಲು ಥಳಥಳಿಸುವ ಉಡುಪಿಗೆ ಹೇಳುತ್ತಿದ್ದರು. ಆ ಥಳಕು ಅದರಲ್ಲಿ ಈಗಲೂ ಇದೆ. ಬಣ್ಣ, ಬೆಳಕು, ಸಂಭ್ರಮ. ಅದಕ್ಕೇ ಸೂರ್ಯ ಮುಳುಗುವ ಹೊತ್ತಿನ ಆಕಾಶಕ್ಕೂ ಅದೇ ಪದ, ರೇಷ್ಮೆ ಬಟ್ಟೆಗೂ ಅದೇ. ನನಗೆ ಈ ಪದದ ದೊಡ್ಡ ಗುಣ ಅನ್ನಿಸುವುದು ಅದರ ಉದಾರತನ. ಹೆಂಗಸರು ಹೆಂಗಸರಿಗೆ ಇದನ್ನು ಧಾರಾಳವಾಗಿ ಹೇಳುತ್ತಾರೆ. ಅಕ್ಕ ತಂಗಿಗೆ, ಗೆಳತಿ ಗೆಳತಿಗೆ, ಅತ್ತೆ ಸೊಸೆಗೆ. ಹಾಟ್ ಪದದ ಹಾಗೆ ಆಸೆಯನ್ನು ಹೊತ್ತು ತರುವುದಿಲ್ಲ. ಬ್ಯೂಟಿಫುಲ್ ಹಾಗೆ ಗಂಭೀರವೂ ಅಲ್ಲ. ಸಂಭ್ರಮದ ದಿನ, ಅಲಂಕಾರ ಮಾಡಿಕೊಂಡವರಿಗೆ ಮನಸ್ಸು ತುಂಬಿ ಒಂದು ಮಾತು ಹೇಳಬೇಕು ಅಂದರೆ ನನ್ನ ಮೊದಲ ಆಯ್ಕೆ ಇದೇ. ಗಂಡಸು ಪರಿಚಯ ಇಲ್ಲದ ಹೆಂಗಸಿಗೆ ಹೇಳಿದಾಗ ಮಾತ್ರ ಇದರ ಬಣ್ಣ ಬದಲಾಗುತ್ತದೆ. ಆಗ ಅದು ಮೇಲೆ ಬಿದ್ದು ಮಾತಾಡಿಸಿದ ಹಾಗೆ ಕೇಳಿಸುತ್ತದೆ.

ಸ್ಟನಿಂಗ್ ಅಂದರೆ ಏಟು ಬಿದ್ದ ಹಾಗೆ ಕಕ್ಕಾಬಿಕ್ಕಿ ಮಾಡುವಂಥದ್ದು. ಭರ್ಜರಿ ಚೆಂದ ಅನ್ನುವ ಅರ್ಥ 19ನೇ ಶತಮಾನದ ನಡುವಿನ ಹೊತ್ತಿಗೆ ಬಂತು. ದಿನಾ ನೋಡುವ ಮುಖಕ್ಕೆ ಇದು ಒಗ್ಗುವುದಿಲ್ಲ. ಬಾಗಿಲು ತೆಗೆದು ಒಳಗೆ ಬಂದವರನ್ನು ಕಂಡು ಒಂದು ಗಳಿಗೆ ಮಾತು ನಿಂತರೆ, ಆಗ ಸ್ಟನಿಂಗ್. ಇದರ ನೆಂಟ ಸ್ಟ್ರೈಕಿಂಗ್. ಆದರೆ ಸ್ಟ್ರೈಕಿಂಗ್ ಅಂದರೆ ಚೆಂದ ಅಂತಲೇ ಆಗಬೇಕಿಲ್ಲ. ಉದ್ದ ಮೂಗು, ದಪ್ಪ ಹುಬ್ಬು, ತೀಕ್ಷ್ಣ ಕಣ್ಣು, ಒಮ್ಮೆ ನೋಡಿದರೆ ಮರೆಯಲಾಗದ ಮುಖ. ನಾವು 'ಮುಖದಲ್ಲಿ ಏನೋ ಕಳೆ ಇದೆ' ಅನ್ನುತ್ತೇವಲ್ಲ, ಅದಕ್ಕೆ ನನಗೆ ಸಿಕ್ಕ ಅತಿ ಹತ್ತಿರದ ಇಂಗ್ಲಿಷ್ ಪದ ಇದು. ಎಲ್ಲರ ಅಚ್ಚಿಗೆ ಹೊಂದದ ಮುಖವನ್ನು ಪ್ರೀತಿಯಿಂದ ಹೊಗಳಬೇಕು ಅಂದಾಗ ಸ್ಟ್ರೈಕಿಂಗ್ ಅನ್ನುವುದು ಎಷ್ಟು ಒಳ್ಳೆಯ ಪದ!

ಈ ಗುಂಪಿನಲ್ಲಿ ನಾವು ಮಾಡುವ ವ್ಯಾಕರಣದ ತಪ್ಪು ಒಂದೇ, ಆದರೆ ಎಲ್ಲರೂ ಮಾಡುತ್ತೇವೆ. 'ವೆರಿ ಗಾರ್ಜಿಯಸ್', 'ವೆರಿ ಸ್ಟನಿಂಗ್' ಅನ್ನುತ್ತೇವೆ. ಈ ಪದಗಳ ಒಳಗೇ 'ತುಂಬಾ' ಅನ್ನುವುದು ಕೂತಿದೆ. ಮತ್ತೆ ವೆರಿ ಸೇರಿಸಿದರೆ ಇಂಗ್ಲಿಷ್ ಕಿವಿಗೆ ಅಪಸ್ವರ. ಇವಕ್ಕೆ 'ಆ್ಯಬ್ಸಲ್ಯೂಟ್ಲಿ' ಸೇರುತ್ತದೆ. ಪ್ರೆಟಿ, ಕ್ಯೂಟ್, ಹಾಟ್, ಹ್ಯಾಂಡ್ಸಮ್ ಪದಗಳಿಗೆ ವೆರಿ ಸೇರುತ್ತದೆ. ಯಾವುದು ಯಾವುದಕ್ಕೆ ಅಂತ ನೆನಪಾಗದಿದ್ದರೆ 'ಸೋ' ಇಲ್ಲವೇ 'ರಿಯಲಿ' ಬಳಸಿ, ಎರಡೂ ಕಡೆ ಸಲ್ಲುತ್ತವೆ. ಗಾರ್ಜಿಯಸ್ ಮುಂದೆ 'ಡ್ರಾಪ್ ಡೆಡ್' ಸೇರಿಸಿ ಹೇಳುವುದೂ ಇದೆ. ನೋಡಿದವರು ಅಲ್ಲೇ ಬಿದ್ದು ಸಾಯುವಷ್ಟು ಚೆಂದ ಅಂತ. ಹಾಟ್ ಮುಂದೆ 'ಸ್ಮೋಕಿಂಗ್'. ಇವೆಲ್ಲ ಗೆಳೆಯರ ನಡುವಿನ ಮಾತುಗಳು.

ಗಂಡಸರಿಗೆ ಏನನ್ನಬೇಕು

ಹ್ಯಾಂಡ್ಸಮ್ ಎಲ್ಲರಿಗೂ ಗೊತ್ತು. ಕೈ ಅನ್ನುವ ಪದದಿಂದಲೇ ಹುಟ್ಟಿದ್ದು. ಮೊದಲಿಗೆ ಕೈಯಲ್ಲಿ ಹಿಡಿಯಲು, ಬಳಸಲು ಸುಲಭ ಅಂತ ಅರ್ಥ. 16ನೇ ಶತಮಾನದ ಕೊನೆಯ ಹೊತ್ತಿಗೆ ನೋಡಲು ಚೆಂದ ಅಂತ ಆಯಿತು. 200 ವರ್ಷ ಹಿಂದಿನ ಇಂಗ್ಲಿಷ್ ಕಾದಂಬರಿಗಳಲ್ಲಿ 20ರ ಹರೆಯದ ಹುಡುಗಿಯರನ್ನೂ ಹ್ಯಾಂಡ್ಸಮ್ ಅಂತ ವರ್ಣಿಸುತ್ತಿದ್ದರು. ಈಗ ಹೆಂಗಸಿಗೆ ಹ್ಯಾಂಡ್ಸಮ್ ಅಂದರೆ ಅರ್ಥ ಬೇರೆ. ವಯಸ್ಸಿನಲ್ಲಿ ಸ್ವಲ್ಪ ದೊಡ್ಡವರು, ಗಟ್ಟಿ ಮುಖಲಕ್ಷಣ, ನಿಲುವಿನಲ್ಲಿ ಗತ್ತು. ಅದು ಹೊಗಳಿಕೆಯೇ. ಆದರೆ 25ರ ಹುಡುಗಿಗೆ ಹೇಳಿದರೆ ಬೇಸರ ಮಾಡಿಕೊಂಡಾಳು.

ಗುಡ್‌ಲುಕಿಂಗ್ ಗಂಡಿಗೂ ಹೆಣ್ಣಿಗೂ ಸಲ್ಲುತ್ತದೆ. ಇದರಲ್ಲಿ ಕಾವೂ ಇಲ್ಲ, ಮುದ್ದೂ ಇಲ್ಲ. 'ನೋಡಲು ಚೆನ್ನಾಗಿದ್ದಾರೆ' ಅನ್ನುವ ನಮ್ಮ ಮಾತಿಗೆ ಸರಿಸಮ. ಮೂರನೆಯವರ ಬಗ್ಗೆ ಹೇಳುವಾಗ ಇದಕ್ಕಿಂತ ನೆಮ್ಮದಿಯ ಪದ ಇಲ್ಲ. ಬ್ರಿಟನ್‌ನವರು ಇದನ್ನೇ ಇನ್ನೂ ಮೆತ್ತಗೆ 'ಈಸಿ ಆನ್ ದಿ ಐ' ಅನ್ನುತ್ತಾರೆ. ಅಮೆರಿಕದವರು ಕೊನೆಗೆ ಒಂದು 'ಸ್' ಸೇರಿಸುತ್ತಾರೆ.

ಹಂಕಿ ಅಂದರೆ ಕಟ್ಟುಮಸ್ತಾದ ಗಂಡಸು. ಅಗಲ ಭುಜ, ಗಟ್ಟಿ ಮೈ. ಮುಖಕ್ಕಿಂತ ಮೈಕಟ್ಟಿನ ಮಾತು. ರಿಪ್ಡ್, ಜ್ಯಾಕ್ಡ್ ಅಂತಲೂ ಕೇಳಿರುತ್ತೀರಿ. ಆದರೆ ಅವು ಬರೀ ಸ್ನಾಯುವಿನ ಲೆಕ್ಕ. ರಿಪ್ಡ್ ಅಂದರೆ ಕೊಬ್ಬು ಕರಗಿ ಸ್ನಾಯುಗಳು ಗೆರೆ ಎಳೆದ ಹಾಗೆ ಕಾಣುವುದು, ಜ್ಯಾಕ್ಡ್ ಅಂದರೆ ಮೈ ದಪ್ಪನಾಗಿ ಉಬ್ಬಿರುವುದು. ಚೆಂದ ಅನ್ನುವ ಭರವಸೆ ಎರಡರಲ್ಲೂ ಇಲ್ಲ.

ಗಂಡಸನ್ನು ಬ್ಯೂಟಿಫುಲ್ ಅನ್ನಬಹುದಾ? ಖಂಡಿತ ಅನ್ನಬಹುದು, ಈಗ ಅದು ಸಹಜ ಕೂಡ. ಅಲ್ಲಿ ಗಡಸುತನಕ್ಕಿಂತ ರೂಪದ ಹದ ಮುಖ್ಯ. ಆದರೆ 'ಪ್ರೆಟಿ ಬಾಯ್' ಅಂದರೆ ಸಾಮಾನ್ಯವಾಗಿ ಚುಚ್ಚುಮಾತು. ಮುಖ ಮಾತ್ರ ಚೆಂದ, ಒಳಗೆ ಗಟ್ಟಿ ಇಲ್ಲ ಅನ್ನುವ ಧ್ವನಿ.

ಊರು ಬದಲಾದರೆ ಪದದ ಅರ್ಥವೂ ಬದಲು

ಫಿಟ್ ಪದವನ್ನೇ ತೆಗೆದುಕೊಳ್ಳಿ. ಅಮೆರಿಕದಲ್ಲಿ ಒಬ್ಬರು ಫಿಟ್ ಅಂದರೆ ವ್ಯಾಯಾಮ ಮಾಡಿ ಮೈ ಗಟ್ಟಿ ಇಟ್ಟುಕೊಂಡವರು. ನಾವೂ ಅದೇ ಅರ್ಥದಲ್ಲಿ ಬಳಸುತ್ತೇವೆ. ಬ್ರಿಟನ್‌ನ ಆಡುಮಾತಿನಲ್ಲಿ 'ಶೀ ಇಸ್ ಫಿಟ್' ಅಂದರೆ ಹೆಚ್ಚು ಕಡಿಮೆ 'ಶೀ ಇಸ್ ಹಾಟ್' ಅಂದ ಹಾಗೆ. ಮುಂದೆ 'ವೆಲ್' ಸೇರಿಸಿ 'ವೆಲ್ ಫಿಟ್' ಅನ್ನುವುದೂ ಇದೆ. ಅಲ್ಲಿ ವೆಲ್ ಅಂದರೆ ತುಂಬಾ. ಹಾಗಾಗಿ ಲಂಡನ್‌ನಲ್ಲಿ ಕೆಲಸ ಮಾಡುವವರು ತಮ್ಮ ಮೇಲಧಿಕಾರಿಯನ್ನು ಎಲ್ಲರ ಎದುರು 'ವೆರಿ ಫಿಟ್' ಅಂತ ಹೊಗಳುವ ಮುಂಚೆ ಯೋಚಿಸಬೇಕು. 'ಇನ್ ಗುಡ್ ಶೇಪ್' ಅಂದರೆ ಯಾವ ದೇಶದಲ್ಲೂ ತಪ್ಪು ಅರ್ಥ ಆಗುವುದಿಲ್ಲ.

ಬಫ್ ಕೂಡ ಹೀಗೇ. ಅಮೆರಿಕದಲ್ಲಿ ಸ್ನಾಯು ಬೆಳೆಸಿದವರು, ಲಂಡನ್‌ನ ಹುಡುಗ ಹುಡುಗಿಯರ ಬಾಯಲ್ಲಿ ಬರೀ ಆಕರ್ಷಕ. ಅದೇ ಹುಡುಗರ ಇನ್ನೊಂದು ಪದ ಪೆಂಗ್, ರುಚಿಯಾದ ಊಟಕ್ಕೂ ಅದನ್ನೇ ಹೇಳುತ್ತಾರೆ. ಲಶ್ ಅಂದರೆ ಬ್ರಿಟನ್‌ನ ಆಡುಮಾತಿನಲ್ಲಿ ಬಲು ಚೆಂದ, ಆದರೆ ಅಮೆರಿಕದಲ್ಲಿ ಅದು ಕುಡುಕ ಅನ್ನುವುದಕ್ಕೆ ಇರುವ ಪದ. ಬಾನಿ ಸ್ಕಾಟ್ಲೆಂಡ್ ಮತ್ತು ಇಂಗ್ಲೆಂಡಿನ ಉತ್ತರ ಭಾಗದ ಹಳೆಯ, ಬೆಚ್ಚನೆಯ ಪದ. ಆರೋಗ್ಯ ತುಂಬಿ ತುಳುಕುವ ಮಗುವಿಗೂ ಹೇಳುತ್ತಾರೆ, ಹುಡುಗಿಗೂ ಹೇಳುತ್ತಾರೆ. ಆ ಊರಿನವರ ಬಾಯಲ್ಲಿ ಕೇಳಲು ಇಂಪು. ಹೊರಗಿನವರು ಹೇಳಿದರೆ ಅನುಕರಣೆ ಮಾಡಿದ ಹಾಗಿರುತ್ತದೆ.

ಫೈನ್ ಬಗ್ಗೆಯೂ ಒಂದು ಮಾತು. 'ಐ ಆಮ್ ಫೈನ್' ಅಂದರೆ ಚೆನ್ನಾಗಿದ್ದೇನೆ ಅಷ್ಟೆ. ಆದರೆ ಅಮೆರಿಕದ ಕಪ್ಪು ಜನರ ಇಂಗ್ಲಿಷ್‌ನಿಂದ ಎಲ್ಲ ಕಡೆ ಹಬ್ಬಿದ ಬಳಕೆಯಲ್ಲಿ 'ಶೀ ಇಸ್ ಸೋ ಫೈನ್' ಅಂದರೆ ಬಲು ಚೆಲುವೆ. ದನಿಯನ್ನು ಎಳೆಯುವುದರಲ್ಲೇ ಅರ್ಥ ಇದೆ. ಬರೆದರೆ ಆ ಎಳೆತ ಕಾಣುವುದಿಲ್ಲ, ಆದ್ದರಿಂದ ಮೆಸೇಜಿನಲ್ಲಿ ಇದನ್ನು ನಾನು ಆರಿಸುವುದಿಲ್ಲ.

ನಮ್ಮ ಬಾಯಲ್ಲಿ ಬದಲಾದ ನಾಲ್ಕು ಪದ

ಇವುಗಳ ಬಗ್ಗೆ ಯಾವ ಪಾಠದಲ್ಲೂ ಹೇಳಿಕೊಡುವುದಿಲ್ಲ. ಕನ್ನಡ ಮಾತಿನ ನಡುವೆ ದಿನಾ ಬಳಸಿ, ನಮ್ಮದೇ ಅರ್ಥ ಕೊಟ್ಟುಕೊಂಡ ಪದಗಳು ಇವು. ಇಂಗ್ಲಿಷ್ ಮನೆಮಾತಿನವರ ಎದುರು ಅದೇ ಅರ್ಥದಲ್ಲಿ ಬಳಸಿದರೆ ಮಾತು ಕೆಡುತ್ತದೆ.

ಮೊದಲನೆಯದು ಸ್ಮಾರ್ಟ್. 'ಹುಡುಗ ಸ್ಮಾರ್ಟ್ ಆಗಿದ್ದಾನೆ' ಅಂದರೆ ನಮಗೆ ಅವನು ನೋಡಲು ಚೆನ್ನಾಗಿದ್ದಾನೆ ಅಂತ. ಅಮೆರಿಕದವರಿಗೆ ಸ್ಮಾರ್ಟ್ ಅಂದರೆ ಬುದ್ಧಿವಂತ. ಬ್ರಿಟನ್‌ನವರಿಗೆ ಬುದ್ಧಿವಂತ ಅನ್ನುವುದರ ಜೊತೆಗೆ ಅಚ್ಚುಕಟ್ಟಾಗಿ ಬಟ್ಟೆ ತೊಟ್ಟವರು ಅಂತ ಕೂಡ. ಮುಖದ ಚೆಂದ ಇಬ್ಬರಿಗೂ ಹೊಳೆಯುವುದಿಲ್ಲ. ಇಸ್ತ್ರಿ ಮಾಡಿದ ಅಂಗಿ, ಒಪ್ಪವಾಗಿ ಬಾಚಿದ ತಲೆ ನೋಡಿ 'ಯು ಲುಕ್ ಸ್ಮಾರ್ಟ್' ಅಂದರೆ ಬ್ರಿಟನ್‌ನಲ್ಲಿ ಒಳ್ಳೆಯ ಮೆಚ್ಚುಗೆ. ಅಮೆರಿಕದಲ್ಲಿ ಅದೇ ಜಾಗಕ್ಕೆ 'ಯು ಲುಕ್ ಶಾರ್ಪ್'.

ಎರಡನೆಯದು ಹೋಮ್ಲಿ. ಇದು ನಿಜಕ್ಕೂ ನೋವು ಮಾಡುವ ಪದ. ನಾವು ಸೌಮ್ಯ ಸ್ವಭಾವ, ಮನೆಗೆ ಹೊಂದಿಕೊಳ್ಳುವ ಹುಡುಗಿ ಅಂತ ಹೊಗಳಲು ಬಳಸುತ್ತೇವೆ. ಬ್ರಿಟನ್‌ನಲ್ಲಿ ಜಾಗಕ್ಕೆ ಹೇಳಿದರೆ ಆಪ್ತವಾದ, ಮನೆಯಂಥ ಅಂತ ಅರ್ಥ. ಅಮೆರಿಕದಲ್ಲಿ ಒಬ್ಬರ ಮುಖ ನೋಡಿ ಹೋಮ್ಲಿ ಅಂದರೆ ನೋಡಲು ಚೆನ್ನಾಗಿಲ್ಲ ಅಂತಲೇ ಅರ್ಥ. ನಾನೇ ಒಮ್ಮೆ ಅಮೆರಿಕದ ಗೆಳೆಯನೊಬ್ಬನ ಹೆಂಡತಿಯ ಫೋಟೋ ನೋಡಿ, ಅವರ ಶಾಂತ ಮುಖ ಮೆಚ್ಚಿ ಹೋಮ್ಲಿ ಅಂದುಬಿಟ್ಟಿದ್ದೆ. ಅವನ ಮುಖ ಸಣ್ಣಗಾಯಿತು. ಏನಾಯಿತು ಅಂತ ಕೇಳಿ, ಅರ್ಥ ಬಿಡಿಸಿ ಹೇಳಿ, ಕ್ಷಮೆ ಕೇಳಿದೆ. ಆಮೇಲಿಂದ ಮನುಷ್ಯರಿಗೆ ಆ ಪದ ಬಳಸುವುದನ್ನೇ ಬಿಟ್ಟೆ. 'ವಾರ್ಮ್' ಇಲ್ಲವೇ 'ಡೌನ್ ಟು ಅರ್ತ್' ಅಂದರೆ ನಾವು ಹೇಳಬೇಕು ಅಂದುಕೊಂಡದ್ದು ಸರಿಯಾಗಿ ತಲುಪುತ್ತದೆ.

ಮೂರನೆಯದು ಫೇರ್. ನಾವು ಬೆಳ್ಳಗಿರುವವರನ್ನು ಫೇರ್ ಅಂದು, ಆ ಬಣ್ಣವನ್ನೇ ಚೆಂದ ಅಂದುಕೊಳ್ಳುತ್ತೇವೆ. ಹಳೆಯ ಇಂಗ್ಲಿಷ್ ಕಾವ್ಯದಲ್ಲಿ ಫೇರ್ ಅಂದರೆ ಚೆಲುವು ಅಂತ ಇತ್ತು, ನಿಜ. ಇವತ್ತಿನ ಮಾತಿನಲ್ಲಿ ಅದು ಬರೀ ಚರ್ಮದ, ಕೂದಲಿನ ತಿಳಿ ಬಣ್ಣದ ಹೆಸರು. ಅದರಲ್ಲಿ ಮೆಚ್ಚುಗೆ ಇಲ್ಲ. ಮೆಚ್ಚುಗೆ ಅಂದುಕೊಂಡು ಹೇಳಿದರೆ ಬಣ್ಣ ನೋಡಿ ಬೆಲೆ ಕಟ್ಟಿದ ಹಾಗಾಗುತ್ತದೆ. ಯಾರ ಚೆಂದವನ್ನೂ ಬಣ್ಣದ ಹೆಸರಿನಿಂದ ಹೇಳಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಅದು ಕನ್ನಡಕ್ಕೂ ಸೇರಿ.

ಕೊನೆಯದು ಗ್ಲಾಮರಸ್. ಸ್ಕಾಟ್ಲೆಂಡಿನವರು ಗ್ರಾಮರ್ ಅನ್ನುವ ಪದವನ್ನು ತಿರುಚಿ ಗ್ಲಾಮರ್ ಮಾಡಿದರು. ಓದು ಬಲ್ಲವರಿಗೆ ಮಾಟ ಮಂತ್ರವೂ ಗೊತ್ತು ಅಂತ ಜನ ನಂಬಿದ್ದ ಕಾಲ. ಹಾಗಾಗಿ ಗ್ಲಾಮರ್ ಅಂದರೆ ಕಣ್ಣು ಕಟ್ಟುವ ಮಾಯೆ. ಅದನ್ನು ಎಲ್ಲರ ಬಾಯಿಗೆ ತಂದವರಲ್ಲಿ ಸಾಹಿತಿ ವಾಲ್ಟರ್ ಸ್ಕಾಟ್ ಮುಖ್ಯರು. ನಾವು ಗ್ಲಾಮರ್ ಅಂದರೆ ಮೈ ಕಾಣುವ ಬಟ್ಟೆ ಅಂತ ಕಿರಿದು ಮಾಡಿಕೊಂಡಿದ್ದೇವೆ. ಇಂಗ್ಲಿಷ್‌ನಲ್ಲಿ ಅದು ಉಡುಗೆ, ಮೇಕಪ್, ಓಡಾಡುವ ಠೀವಿ ಎಲ್ಲ ಸೇರಿದ ಹೊಳಪು. 80 ವರ್ಷದ ಹೆಂಗಸನ್ನೂ ಮನಸಾರೆ ಗ್ಲಾಮರಸ್ ಅನ್ನಬಹುದು, ಅವರು ಖುಷಿಪಡುತ್ತಾರೆ.

ಕಾಲ ಮುಗಿದವು, ಹೊಸದಾಗಿ ಬಂದವು

ಡ್ರೀಮಿ, ಫಾಕ್ಸಿ, ಡಿಶಿ. ಮೂರೂ ಒಂದು ಕಾಲದಲ್ಲಿ ಬಿಸಿಬಿಸಿ ಪದಗಳು. ಫಾಕ್ಸಿ 1960, 70ರ ದಶಕದ ಅಮೆರಿಕದ್ದು. ಡಿಶಿ ಅದೇ ಹೊತ್ತಿನ ಬ್ರಿಟನ್‌ನದ್ದು. 2020ರಲ್ಲಿ ಬ್ರಿಟನ್‌ನ ಹಣಕಾಸು ಸಚಿವರಾಗಿದ್ದ ರಿಷಿ ಸುನಕ್ ಅವರನ್ನು ಅಲ್ಲಿನ ಪತ್ರಿಕೆಗಳು 'ಡಿಶಿ ರಿಷಿ' ಅಂತ ಕರೆದದ್ದರಿಂದ ಆ ಪದಕ್ಕೆ ಮತ್ತೆ ಸ್ವಲ್ಪ ಉಸಿರು ಬಂತು. ಪ್ರಾಸ ಕೂಡಿಬಂದದ್ದೇ ಕಾರಣ. ಇವತ್ತು ಇವನ್ನು ಅರ್ಥ ಮಾಡಿಕೊಂಡರೆ ಸಾಕು, ಬಳಸಬೇಕಿಲ್ಲ.

ಹೊಸ ಪದಗಳಲ್ಲಿ ರಿಝ್ ಬಗ್ಗೆ ಕೇಳುವವರು ಜಾಸ್ತಿ. ಕರಿಸ್ಮಾ ಪದದ ನಡುವಿನ ತುಂಡು ಅದು, 2023ರಲ್ಲಿ ಆಕ್ಸ್‌ಫರ್ಡ್ ಅದನ್ನು ವರ್ಷದ ಪದ ಅಂತ ಆರಿಸಿತು. ಆದರೆ ಅದು ರೂಪದ ಮಾತಲ್ಲ. ಮಾತಿನಿಂದ, ನಡೆಯಿಂದ ಮನಸ್ಸು ಸೆಳೆಯುವ ಕಲೆ. ರೂಪ ಇದ್ದೂ ರಿಝ್ ಇಲ್ಲದವರಿದ್ದಾರೆ. 'ಹೀ ಹ್ಯಾಸ್ ರಿಝ್' ಅನ್ನಬೇಕು, 'ಹೀ ಇಸ್ ರಿಝ್' ಅನ್ನಬಾರದು.

ಕೆಲಸದ ಜಾಗದಲ್ಲಿ

ಇಲ್ಲಿ ಒಳ್ಳೆಯ ಪದವೂ ತಪ್ಪು ಜಾಗದಲ್ಲಿ ಬೀಳಬಹುದು. 2013ರ ಏಪ್ರಿಲ್‌ನಲ್ಲಿ ಅಮೆರಿಕದ ಅಧ್ಯಕ್ಷ ಬರಾಕ್ ಒಬಾಮಾ ಒಂದು ಸಭೆಯಲ್ಲಿ ಕಮಲಾ ಹ್ಯಾರಿಸ್ ಅವರನ್ನು ಹೊಗಳಿದರು. ಆಗ ಆಕೆ ಕ್ಯಾಲಿಫೋರ್ನಿಯಾದ ಅಟಾರ್ನಿ ಜನರಲ್. ಜಾಣರು, ನಿಷ್ಠಾವಂತರು, ಗಟ್ಟಿಗರು ಅಂದ ಮೇಲೆ, ದೇಶದ ಅಟಾರ್ನಿ ಜನರಲ್‌ಗಳಲ್ಲೇ ಅತಿ 'ಗುಡ್‌ಲುಕಿಂಗ್' ಅಂತಲೂ ಸೇರಿಸಿದರು. ಇಬ್ಬರೂ ಹಳೆಯ ಸ್ನೇಹಿತರು. ಪದವೂ ನಾನು ಮೇಲೆ ನೆಮ್ಮದಿಯದು ಅಂದ ಪದವೇ. ಆದರೂ ಟೀಕೆ ಬಂತು, ಒಬಾಮಾ ತಾವೇ ಹ್ಯಾರಿಸ್ ಅವರಿಗೆ ಫೋನ್ ಮಾಡಿ ಕ್ಷಮೆ ಕೇಳಿದರು. ಕೆಲಸದಿಂದ ಹೆಸರು ಮಾಡಿದವರ ರೂಪವನ್ನು ಕೆಲಸದ ಪಟ್ಟಿಗೆ ಸೇರಿಸಿದ್ದೇ ತೊಂದರೆ ಆಯಿತು.

ಹಾಗಂತ ಆಫೀಸಿನಲ್ಲಿ ಬಾಯಿ ಮುಚ್ಚಿಕೊಂಡೇ ಇರಬೇಕು ಅಂತಲ್ಲ. ಒಬ್ಬರು ತಾವಾಗಿ ಆರಿಸಿಕೊಂಡದ್ದನ್ನು ಹೊಗಳಿ. ಬಟ್ಟೆಯ ಬಣ್ಣ, ಹೊಸ ಕನ್ನಡಕ, ಕೂದಲು ಕತ್ತರಿಸಿಕೊಂಡ ರೀತಿ. ಮೈ, ಮುಖ, ತೂಕ ಬೇಡ. 'ದಟ್ ಕಲರ್ ಸೂಟ್ಸ್ ಯು' ಅಂದರೆ ಮುಗಿಯಿತು. ಗಂಡಸರು ಅಚ್ಚುಕಟ್ಟಾಗಿ ಸೂಟ್ ತೊಟ್ಟು ಬಂದರೆ 'ಡ್ಯಾಪರ್' ಅನ್ನಬಹುದು. ಸ್ವಲ್ಪ ಹಳೆಯ ಕಾಲದ ಪದ, ಆದರೆ ಕೇಳಿದವರ ಮುಖ ಅರಳುತ್ತದೆ.

ಇನ್ನೊಂದು ವಿಷಯ 'ಆರ್' ಮತ್ತು 'ಲುಕ್' ನಡುವಿನದು. 'ಯು ಆರ್ ಗಾರ್ಜಿಯಸ್' ಅಂದರೆ ಆ ವ್ಯಕ್ತಿಯ ಬಗ್ಗೆ ತೀರ್ಮಾನ ಕೊಟ್ಟ ಹಾಗೆ. 'ಯು ಲುಕ್ ಗಾರ್ಜಿಯಸ್' ಅಂದರೆ ಈ ಹೊತ್ತಿನ, ಈ ಉಡುಗೆಯ ಮಾತು. ಎರಡನೆಯದರಲ್ಲಿ ಸ್ವಲ್ಪ ದೂರ ಉಳಿಯುತ್ತದೆ, ಕೇಳಿದವರು ಥ್ಯಾಂಕ್ಸ್ ಅಂದು ಮುಂದೆ ಹೋಗಬಹುದು. ಕೊನೆಗೆ 'ಟುಡೇ' ಸೇರಿಸುವುದು ನಮ್ಮ ಅಭ್ಯಾಸ. ಅದನ್ನು ಒತ್ತಿ ಹೇಳಿದರೆ, ಹಾಗಾದರೆ ನಿನ್ನೆ ಚೆನ್ನಾಗಿರಲಿಲ್ಲವೇ ಅಂತ ಕೇಳಿಸಬಹುದು. 'ಫಾರ್ ಯುವರ್ ಏಜ್' ಅನ್ನುವುದನ್ನಂತೂ ಯಾವ ಮೆಚ್ಚುಗೆಯ ಬಾಲಕ್ಕೂ ಕಟ್ಟಬೇಡಿ.

ಆ ಹುಡುಗನಿಗೆ ಕೊನೆಗೆ ನಾನು ಹೇಳಿಕೊಟ್ಟದ್ದು ಎರಡೇ ಪದ. ಫೋಟೋ ಹಿರಿಯರದ್ದಾಗಿದ್ದರೆ, ಪರಿಚಯ ಅಷ್ಟಕ್ಕಷ್ಟೇ ಆಗಿದ್ದರೆ, 'ಲವ್ಲಿ ಪಿಕ್ಚರ್' ಅಂತ ಬರಿ. ಅವನು ಹಳೆಯದನ್ನು ಅಳಿಸಿ, ಸಹೋದ್ಯೋಗಿಯ ಹತ್ತಿರ ನೇರವಾಗಿ ಹೋಗಿ, ತಪ್ಪು ಅರ್ಥ ತಿಳಿದುಕೊಂಡಿದ್ದೆ ಅಂತ ಕನ್ನಡದಲ್ಲೇ ಹೇಳಿದ. ಈಗ ಇಬ್ಬರೂ ಮೊದಲಿನ ಹಾಗೇ ಮಾತಾಡುತ್ತಾರೆ.